ಉದ್ಬತ್ತಿ ಚುಚ್ಚುವ ಕಿಂಡಿ

ಗೆಳೆಯರೇ, ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ನಮ್ಮ ಮಾವನ ಹಳೇ ಕಂಪ್ಯೂಟರಿಗೆ ಇವತ್ತು ವೈಫೈ ಕಾರ್ಡ್ ಹಾಕಲು ಹೋದೆ. ಸಿಪಿಯು ಡಬ್ಬದ ಮುಚ್ಚಳ ಬಿಚ್ಚಿದರೆ, ಕಾರ್ಡ್ ಕೂರಬೇಕಾದ ಸ್ಲಾಟಿನ ತುಂಬ ಬೂದಿ!

"ಏನ್ ಮಾವ ಇದು?"

"ಹಿಂದ್ಗಡೆ ಒಂದ್ ಕಿಂಡಿ ಐತಲ್ಲಪ್ಪಾ, ದೇವ್ರ ಪಟದ ಕಡೀಕೇ ಐತೆ. ದಿನಾ ಅಲ್ಲೇ ಉದ್ಬತ್ತಿ ಚುಚ್ಚೋದು."

ತಲೆ ಕೆಟ್ಟಿತು. ಬ್ರಷ್ಷಿನಿಂದ ಬೂದಿಯೆಲ್ಲ ತೆಗೆದು ಕಾರ್ಡ್ ಕೂರಿಸಿದೆ. ಕಾರ್ಡಿನ ತಗಡು ಕೂತು ಹಿಂದಿನ ಕಿಂಡಿ ಮುಚ್ಚಿತು, ನೆಟ್ ಬಂತು, ಮಾವನ ಮುಖ ಮಾತ್ರ ಸಪ್ಪಗಾಯಿತು.

"ಉದ್ಬತ್ತಿಗೆ ಬೇರೆ ಜಾಗ ನೋಡ್ಕೊಳ್ಳಿ ಮಾವ" ಎಂದು ಹೇಳಿ ಮನೆಗೆ ಬಂದೆ.

ಈಗಷ್ಟೇ ಅವರೇ ಫೋನ್ ಮಾಡಿದ್ದರು. "ಜಾಗ ಸಿಕ್ತು ಕಣಪ್ಪಾ. ಡಬ್ಬದ ಮುಂದ್ಗಡೆ ಫ್ಯಾನ್ ಐತಲ್ಲ, ಅಲ್ಲಿ ಹಚ್ಚಿದೀನಿ. ಹೊಗೆನೆಲ್ಲ ಅದೇ ಒಳಕ್ಕೆ ಎಳ್ಕೊಂತೈತೆ!"

ಸ್ಕ್ರೂಡ್ರೈವರ್ ಚೀಲವನ್ನು ಬೈಕಿನಿಂದ ಇನ್ನೂ ಇಳಿಸಿಲ್ಲ. ಇಳಿಸುವುದೂ ಇಲ್ಲ.