ಮತ್ತಿಕೆರೆ ದಾಟದ ಕುದುರೆ

ಭಾನುವಾರ ಬೆಳಗಿನ ಜಾವ. ಯಶವಂತಪುರ ರೈಲು ನಿಲ್ದಾಣದ ಎದುರು ಮಜೀದ್ ಸಾಬರು ಕುದುರೆಯ ಕಿವಿಯ ಬಳಿ ಬಾಯಿಟ್ಟು ಬುದ್ಧಿ ಹೇಳುತ್ತಿದ್ದಾರೆ. "ಇವತ್ತು ಮಾನ ಕಳೀಬೇಡಪ್ಪಾ. ಹೊಸಬರು ಬರ್ತಾರೆ." ಕುದುರೆ ಬಾಲ ಬೀಸುತ್ತದೆ. ಹೆಸರು ನವಾಬ್. ಪಕ್ಕೆಲುಬುಗಳು ಮಾತ್ರ ದೂರದಿಂದಲೇ ಕಾಣುತ್ತವೆ. ಸಾಬರ ಎಡಗಾಲಿಗೆ ಬಟ್ಟೆ ಸುತ್ತಿದೆ. ನಿನ್ನೆ ನವಾಬ್ ತುಳಿದದ್ದು.

ವಾರವಿಡೀ ಸೊಪ್ಪಿನ ಮೂಟೆ ಹೊರುವ ಈ ಜಟಕಾ ಭಾನುವಾರ ಕುಡುಕರನ್ನು ಹೊರುತ್ತದೆ. ಹೆಬ್ಬಾಳದ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಕುಡಿತ ಬಿಟ್ಟವರೂ ಬಿಡಬೇಕೆಂದಿರುವವರೂ ಸೇರಿ ತಮ್ಮ ಕಥೆ ಹೇಳಿಕೊಳ್ಳುತ್ತಾರೆ. ಹೊಸಬರನ್ನು ಅಲ್ಲಿಗೆ ಮುಟ್ಟಿಸುವುದು ಸಾಬರ ಕೆಲಸ. ಯಾರೂ ವಹಿಸಿದ್ದಲ್ಲ, ಬಾಡಿಗೆಯೂ ಇಲ್ಲ.

"ಸಾರಾಯಿ ಅಂಗಡಿಗೆ ಬೋರ್ಡಿದೆ ಸ್ವಾಮಿ, ನಮ್ ಸಭೆಗಿಲ್ಲ" ಎನ್ನುತ್ತಾರೆ ಅವರು. "ಅಲ್ಲಿ ಜನ ಪೂರ್ತಿ ಹೆಸರೇ ಹೇಳಲ್ಲ, ಇನ್ನು ಜಾಗ ಹೇಳ್ತಾರಾ? ಹುಡುಕ್ಕೊಂಡು ಹೊರಟೋನಿಗೆ ಮೊದ್ಲು ಸಿಗೋದು ಬೋರ್ಡಿರೋ ಅಂಗಡೀನೇ."

ಅವರೇ ಹಾಗೆ ದಾರಿ ತಪ್ಪಿದವರು. ಹೆಂಡತಿ ಕನೀಜ್ ಗಂಟು ಕಟ್ಟಿ ತವರಿಗೆ ಹೊರಟು ನಿಂತಾಗ ಸಭೆ ಹುಡುಕಿಕೊಂಡು ಹೋದರು. ಆರ್.ಟಿ. ನಗರದ ಒಂದು ಕೋಣೆಯಲ್ಲಿ ಜನ ಬೆಂಚಿನ ಮೇಲೆ ಕೂತಿದ್ದರು. ಇವರು ಒಳಹೊಕ್ಕು, ಎದ್ದು ನಿಂತು, ತಾನು ಕುಡುಕ, ಹೆಂಡತಿಯ ಬಳೆಯನ್ನೂ ಮಾರಿದವನು ಎಂದು ಗಳಗಳನೆ ಅತ್ತರು. ಅದು ಬಡಾವಣೆಯ ಚರಂಡಿ ಸಮಿತಿಯ ಸಭೆ. "ಅಧ್ಯಕ್ಷರು ಒಳ್ಳೇವ್ರು ಸ್ವಾಮಿ. ಎಲ್ಲಾ ಕೇಳಿಸ್ಕೊಂಡು, ನಿಮ್ಮನೆ ಯಾವ ಕ್ರಾಸು ಅಂದ್ರು."

ಇಂದಿನ ಸವಾರಿ ಕದಿರಪ್ಪ. ಬಾಗಲಗುಂಟೆಯವನು, ಎರಕದ ಕಾರ್ಖಾನೆಯ ಕೆಲಸಗಾರ. ಕುಡಿದು ಬಂದು ಕುಲುಮೆಯ ಪಕ್ಕ ಮಲಗಿದ್ದಕ್ಕೆ ಕೆಲಸದಿಂದ ನಿಲ್ಲಿಸಿದ್ದಾರೆ. ಸಭೆಗೆ ಹೋಗಿ ಸರಿಯಾದರೆ ಮಾತ್ರ ಗೇಟಿನೊಳಗೆ ಬಾ ಎಂದಿದ್ದಾನೆ ಮೇಸ್ತ್ರಿ. ಕದಿರಪ್ಪನ ಹೆಂಡತಿ ಮುನಿಕೆಂಪಮ್ಮ ಗಂಡನನ್ನು ಒಳಗೆ ಕೂರಿಸಿ, ತಾನು ಜಟಕಾದ ಹಿಂದಿನ ಬಾಯಿಗೇ ಅಡ್ಡ ಕೂತಿದ್ದಾಳೆ.

ಮತ್ತಿಕೆರೆಯವರೆಗೆ ಎಲ್ಲ ಸರಿ. ಅಲ್ಲಿ ಸಾರಾಯಿ ಅಂಗಡಿಯ ಮುಂದೆ ನವಾಬ್ ಗಕ್ಕನೆ ನಿಲ್ಲುತ್ತದೆ. ಸಾಬರು ಕುಡಿಯುತ್ತಿದ್ದ ಕಾಲದಲ್ಲಿ, ಅವರು ಹೊರಬರುವ ತನಕ ಅಂಗಡಿ ಪಕ್ಕದಲ್ಲಿ ಕುಡುಕರಿಗೆ ನಂಜಿಕೊಳ್ಳಲು ಚಾಕಣ ಮಾರುವ ನರಸಯ್ಯ ಕುದುರೆಗೆ ಬೇಯಿಸಿದ ಕಡಲೆ ತಿನ್ನಿಸುತ್ತಿದ್ದ. ಸಾಬರು ಬಿಟ್ಟರು. ಕುದುರೆ ಬಿಟ್ಟಿಲ್ಲ. ಬೇರೆ ದಾರಿ ಹಿಡಿದರೆ ಹೆಜ್ಜೆಯನ್ನೇ ಎತ್ತುವುದಿಲ್ಲ. ಪ್ರತಿ ಸಲ ಸಾಬರು ಇಳಿದು ಅದನ್ನು ಎಳೆಯುವಷ್ಟರಲ್ಲಿ ಹಿಂದಿನಿಂದ ಯಾರಾದರೂ ಜಾರಿಕೊಳ್ಳುವುದುಂಟು. ಹೋದ ತಿಂಗಳು ಇಳಿದ ಪೋಸ್ಟ್‌ಮನ್ ಇನ್ನೂ ಹತ್ತಿಲ್ಲ.

"ನೋಡಿ ಸಾಬ್ರೇ, ಕುದ್ರೇನೇ ಯೋಳ್ತೈತೆ" ಎಂದು ಕದಿರಪ್ಪ ಮುಂದಿನಿಂದ ಜಿಗಿಯುತ್ತಾನೆ. ಅಂಗಡಿಯ ಬಾಗಿಲು ಅರ್ಧ ತೆರೆದಿದೆ. ಮುನಿಕೆಂಪಮ್ಮ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾಳೆ.

ಸಾಬರು ಕಾಲು ತೋರಿಸುತ್ತಾರೆ. "ಇಳಿಯೋಕಾಗಲ್ಲ ಅಣ್ಣಾ. ಇಳಿದಿದ್ದೀಯಲ್ಲ, ಒಸಿ ಎಳ್ದುಬಿಟ್ಟು ಹೋಗು."

ಕದಿರಪ್ಪ ಕಡಿವಾಣ ಹಿಡಿದು ಎಳೆಯುತ್ತಾನೆ. ನವಾಬ್ ಅಲುಗುವುದಿಲ್ಲ. ಎರಡೂ ಕೈ ಹಾಕುತ್ತಾನೆ. ಬೆವರುತ್ತಾನೆ. ಕೊನೆಗೆ ಸಿಟ್ಟು ನೆತ್ತಿಗೇರುತ್ತದೆ. "ಥೂ, ನಾಚ್ಕೆ ಆಗಲ್ವೇನೋ ನಿಂಗೆ? ಒತ್ತು ಉಟ್ಟೋಕ್ ಮುಂಚೇನೇ ಇಲ್ಲಿ ಬಂದು ನಿಂತ್ಕಂತೀಯಾ? ಬೀದಿ ಜನ ನೋಡಿ ನಗ್ತಾವ್ರೆ! ಮೈಯೆಲ್ಲಾ ಮೂಳೆ ಬಿಟ್ಕೊಂಡೈತೆ, ಇನ್ನೂ ಬುದ್ಧಿ ಬಂದಿಲ್ಲ!"

"ಅಯ್ಯೋ ಸಾಬ್ರೇ, ಅವೆಲ್ಲಾ ನನ್ ಮಾತು!" ಮುನಿಕೆಂಪಮ್ಮ ನೆಟ್ಟಗೆ ಕೂರುತ್ತಾಳೆ. "ಒಂದಕ್ಸರ ಬುಟ್ಟಿಲ್ಲ. ಕಿವೀಗೇ ಓಗಲ್ಲ ಅಂದ್ಕಂಡಿದ್ದೆ."

"ಸುಮ್ಕಿರೇ. ನಾನು ಕುದ್ರೆ ತಾವ ಮಾತಾಡ್ತಾ ಇವ್ನಿ!"

"ಏನಣ್ಣಾ, ಒಳಗೆ ಬರಲ್ವಾ?" ನರಸಯ್ಯ ಅಂಗಡಿ ಪಕ್ಕದಿಂದಲೇ ಕೂಗುತ್ತಾನೆ.

"ಕಾಣಲ್ವೇನಯ್ಯಾ? ಇದ್ನ ಬುಟ್ಟು ಎಂಗ್ ಬರ್ಲಿ?"

ಬೈಯುತ್ತಲೇ ಎಳೆಯುತ್ತಾನೆ. ನವಾಬ್ ಮೊದಲು ಒಂದು ಹೆಜ್ಜೆ, ಆಮೇಲೆ ಇನ್ನೊಂದು. ಮತ್ತೆ ನಿಂತೀತೆಂಬ ಭಯಕ್ಕೆ ಕದಿರಪ್ಪ ಜಟಕಾ ಹತ್ತದೆ ಹೆಬ್ಬಾಳದವರೆಗೂ ನಡೆದೇ ಹೋಗುತ್ತಾನೆ. ಸಭೆಯಲ್ಲಿ ಮಾತಾಡುವ ಸರದಿ ಬಂದಾಗ ತನ್ನ ಸುದ್ದಿ ಎತ್ತುವುದಿಲ್ಲ. ಕುದುರೆಯ ಚಟದ ಬಗ್ಗೆಯೇ ಹೇಳುತ್ತಾನೆ. ಯಾರೂ ನಗುವುದಿಲ್ಲ. ಎಲ್ಲರಿಗೂ ಆ ಕುದುರೆ ಗೊತ್ತು.

ಮುಂದಿನ ಭಾನುವಾರ. ಸಾಬರು ನಿಲ್ದಾಣಕ್ಕೆ ಬರುವ ಹೊತ್ತಿಗೆ ಕದಿರಪ್ಪ ಆಗಲೇ ನಿಂತಿದ್ದಾನೆ, ಒಬ್ಬನೇ. ಕೈಯಲ್ಲಿ ಕಡಲೆಯ ಪೊಟ್ಟಣ.

"ನಿಮ್ ಕೈಲಿ ಇದು ದಾಟಲ್ಲ ಸಾಬ್ರೇ. ನಾನ್ ಬರ್ದಿದ್ರೆ ಆಳಾಗೋಯ್ತದೆ."

ಸಾಬರ ಕಾಲು ಪೂರ್ತಿ ವಾಸಿಯಾಗಿದೆ. ಆದರೂ ಬಟ್ಟೆ ಬಿಚ್ಚಿಲ್ಲ. ನವಾಬನನ್ನು ಮಾರಿ ಆಟೋ ಕೊಳ್ಳಬಾರದೇ ಎಂದರೆ ತಲೆಯಾಡಿಸುತ್ತಾರೆ.

"ಬೇಡ ಸ್ವಾಮಿ. ಇದು ಈ ಚಟ ಬಿಡೋದೂ ಬೇಡ. ಇನ್ನೂ ಜನ ಬರೋರಿದ್ದಾರೆ."