ನಿಂಬೆಹಣ್ಣು ಮತ್ತು ಫೋರ್ ವೀಲ್ ಡ್ರೈವ್

ನಾನು ವಾಂತಿ ಮಾಡಿಕೊಳ್ಳದ ಘಟ್ಟ ನಮ್ಮ ಸುತ್ತಮುತ್ತ ಯಾವುದೂ ಉಳಿದಿಲ್ಲ. ಆಗುಂಬೆಯಲ್ಲಿ ಆಗಿದೆ, ಹುಲಿಕಲ್‌ನಲ್ಲಿ ಆಗಿದೆ. ನಾಗೋಡಿ ಘಟ್ಟದಲ್ಲಂತೂ ಕೊಲ್ಲೂರಿಗೆ ಹೋಗುವಾಗಲೂ ಆಗಿದೆ, ಪ್ರಸಾದ ತಿಂದು ಬರುವಾಗಲೂ ಆಗಿದೆ. ಘಟ್ಟವೇ ಬೇಕೆಂದೂ ಇಲ್ಲ. ತೀರ್ಥಹಳ್ಳಿಯಿಂದ ಸಾಗರದಲ್ಲಿರುವ ತಂಗಿಯ ಮನೆಗೆ ಹೊರಟರೆ ಹುಂಚದ ಹೊತ್ತಿಗೆ ಬಾಯಲ್ಲಿ ನೀರು ಬರತೊಡಗುತ್ತದೆ, ಹೊಸನಗರ ಮುಟ್ಟುವ ಮೊದಲೇ ಬೆಳಗಿನ ತಿಂಡಿ ರಸ್ತೆಯ ಪಾಲಾಗಿರುತ್ತದೆ. ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಮದುವೆಗೆ ಹೊರಡುವವಳ ಕಷ್ಟ ಅನುಭವಿಸಿದವರಿಗೇ ಗೊತ್ತು.

ಇದಕ್ಕೆ ಔಷಧಿಗಳೇನೂ ಕಡಿಮೆಯಿಲ್ಲ. ಶುಂಠಿಯ ಚೂರನ್ನು ದವಡೆಗಿಟ್ಟುಕೊಂಡಿದ್ದೇನೆ. ಪೇಪರ್ ಹಾಸಿಕೊಂಡು ಅದರ ಮೇಲೆ ಕೂತರೆ ಆಗುವುದಿಲ್ಲ ಎಂದರು. ಕೂತೆ, ಪೇಪರ್ ಬೇರೆ ಕೆಲಸಕ್ಕೆ ಬಂತು. ಮಾತ್ರೆ ನುಂಗಿದರೆ ವಾಂತಿ ನಿಲ್ಲುತ್ತದೆ, ಜೊತೆಗೆ ನಾನೂ ನಿಲ್ಲುತ್ತೇನೆ. ಊರು ಬಂದರೂ ಎಚ್ಚರವಾಗುವುದಿಲ್ಲ. ಕೊನೆಗೂ ಕೈಬಿಡದೆ ಉಳಿದದ್ದು ನಿಂಬೆಹಣ್ಣು. ನಮ್ಮ ಕಡೆ ಬಸ್ಸಿನ ಕಿಟಕಿ ಪಕ್ಕ ಕೂತು ಅಂಗೈಯಲ್ಲಿ ನಿಂಬೆಹಣ್ಣು ಹಿಡಿದು ಮೂಸುತ್ತಿರುವ ಹೆಂಗಸನ್ನು ಕಂಡರೆ ಯಾರೂ ಮಾಟ ಮಂತ್ರವೆಂದು ಹೆದರುವುದಿಲ್ಲ. ಹಿಂದಿನ ಸೀಟಿನವರು ಮಾತ್ರ ಸದ್ದಿಲ್ಲದೆ ತಮ್ಮ ಕಿಟಕಿ ಮುಚ್ಚಿಕೊಳ್ಳುತ್ತಾರೆ.

ಇಂಥವಳಿಗೆ ಇದ್ದ ಆಸೆ ಏನು ಗೊತ್ತೇ? ಕಚ್ಛದ ಉಪ್ಪಿನ ಬಯಲನ್ನು ನೋಡಬೇಕು. ಮಲೆನಾಡಿನವರು ಹಸಿರಿನ ಬಗ್ಗೆ ಹೀಗೆಲ್ಲ ಹೇಳಬಾರದು. ಆದರೆ ವರ್ಷವಿಡೀ ಹಸಿರು ನೋಡಿ, ಅಂಗಳದ ಪಾಚಿ ನೋಡಿ, ಆ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟ ನೋಯಿಸಿಕೊಂಡ ನನಗೆ, ಹಸಿರೇ ಇಲ್ಲದ ಜಾಗವನ್ನು ಒಮ್ಮೆಯಾದರೂ ನೋಡಬೇಕು ಅನಿಸಿದ್ದರೆ ತಪ್ಪೇನು? ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ನೀರು ಆವಿಯಾಗಿ ಉಪ್ಪು ಉಳಿಯುವುದನ್ನು ತಟ್ಟೆಯಲ್ಲಿ ತೋರಿಸಿ ತೋರಿಸಿ ಸಾಕಾಗಿತ್ತು. ಕಣ್ಣು ಹಾಯಿಸಿದಷ್ಟು ದೂರ ಬಿಳಿ ಉಪ್ಪು, ಒಂದು ಮರವಿಲ್ಲ, ಒಂದು ತಿರುವಿಲ್ಲ. ಅದನ್ನು ನೆನೆದರೇ ಹೊಟ್ಟೆ ತಣ್ಣಗಾಗುತ್ತಿತ್ತು.

ರೈಲಿನಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ನನ್ನ ಗಂಡನನ್ನು ಕೇಳಿದೆ. "ರೈಲಿಗೆ ಫೋರ್ ವೀಲ್ ಡ್ರೈವ್ ಇಲ್ಲ ಮಾರಾಯ್ತಿ" ಎಂದರು.

ನನ್ನ ಗಂಡ ತೀರ್ಥಹಳ್ಳಿಯಲ್ಲಿ ಹಲ್ಲಿನ ಡಾಕ್ಟರು. ದಿನವಿಡೀ ಪರರ ಬಾಯೊಳಗೆ ಬಗ್ಗಿ ನೋಡುವವರಿಗೆ ಸಂಜೆಯ ಹೊತ್ತಿಗೆ ವಿಶಾಲವಾದದ್ದೇನಾದರೂ ಬೇಕಾಗುವುದು ಸಹಜ. ಆದರೆ ನಿಜವಾದ ಕಾರಣ ಅದಲ್ಲ, ಅವರ ಷಡ್ಡಕ. ಸಾಗರದಲ್ಲಿ ಕಂಟ್ರಾಕ್ಟರ್ ಆಗಿರುವ ನನ್ನ ತಂಗಿಯ ಗಂಡ ಹೋದ ವರ್ಷ ಒಂದು ಭಾರೀ ಗಾಡಿ ತಂದ. ಬೆಟ್ಟ ಹತ್ತುತ್ತದೆ, ಹೊಳೆ ದಾಟುತ್ತದೆ ಎಂದೆಲ್ಲ ಹೇಳುತ್ತಾನೆ. ಅದು ರಸ್ತೆ ಬಿಟ್ಟು ಕೆಳಗಿಳಿದದ್ದು ನನಗೆ ತಿಳಿದಂತೆ ಒಮ್ಮೆ ಮಾತ್ರ, ಎದುರಿಗೆ ಬಂದ ಎಮ್ಮೆಗೆ ದಾರಿ ಬಿಡಲು. ಆದರೂ ನಮ್ಮ ಡಾಕ್ಟರಿಗೆ ಅಂದಿನಿಂದ ನಿದ್ದೆಯಿಲ್ಲ. ಅಣ್ಣ ತಮ್ಮಂದಿರ ಹಟಕ್ಕೆ ಹಿಸ್ಸೆಯಾದರೆ ಮುಗಿಯುತ್ತದೆ, ಷಡ್ಡಕರ ಹಟಕ್ಕೆ ಮುಕ್ತಾಯವೇ ಇಲ್ಲ. ಷಡ್ಡಕನದ್ದಕ್ಕಿಂತ ಒಂದು ಗೇಣಾದರೂ ಎತ್ತರದ ಗಾಡಿ ಬೇಕು ಎಂದು ನಿಶ್ಚಯವಾಯಿತು. ಹೊರಗೆ ಹೇಳುವುದು ಮಾತ್ರ, "ಇವಳ ವಾಂತಿಗೋಸ್ಕರ ತಗೊಳ್ತಿದೀನಿ. ಸಸ್ಪೆನ್ಷನ್ ಚೆನ್ನಾಗಿದ್ರೆ ಕಚ್ಛಕ್ಕೆ ಹೋಗ್ಬಹುದು."

ಆಮೇಲೆ ಶುರುವಾಯಿತು ನೋಡಿ ಗಾಡಿ ಆರಿಸುವ ಕೆಲಸ. ಮಗಳಿಗೆ ವರ ಹುಡುಕುವಾಗ ಇಷ್ಟು ವಿಚಾರಿಸಿರಲಿಲ್ಲ ಅವರು. ಊಟದ ಹೊತ್ತಿಗೆ ಮೊಬೈಲಿನಲ್ಲಿ ಯಾವುದೋ ಮರುಭೂಮಿಯಲ್ಲಿ ಯಾವುದೋ ಗಾಡಿ ದಿಬ್ಬದಿಂದ ಜಾರಿ ಬೀಳುತ್ತಿರುತ್ತಿತ್ತು. ಸೊಂಟದ ಮಟ್ಟದ ನೀರಿನಲ್ಲಿ ಯಾವುದು ಹೋಗುತ್ತದೆ, ಕೆಸರಿಗೆ ಯಾವ ಗುಂಡಿ ಒತ್ತಬೇಕು, ಹಿಮಕ್ಕೆ ಯಾವುದು ಎಂದು ಸಾರು ಆರುವವರೆಗೆ ಪಾಠ. ನಮ್ಮಲ್ಲಿ ಹಿಮ ಎಲ್ಲಿದೆ ಎಂದು ಕೇಳಿದರೆ, "ಇರ್ಲಿ, ಬಿದ್ರೆ ಬೇಕಲ್ಲ" ಎನ್ನುತ್ತಿದ್ದರು.

ಈ ಆಫ್‌ರೋಡ್ ಎನ್ನುವ ಮಾತೇ ನನಗೆ ವಿಚಿತ್ರ. ರಸ್ತೆ ಚೆನ್ನಾಗಿರುವ ಊರಿನವರು ಅದನ್ನು ಬಿಟ್ಟಿಳಿಯಲು ದುಡ್ಡು ಕೊಡುತ್ತಾರೆ. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ರಸ್ತೆ ಎಲ್ಲಿ ಮುಗಿಯಿತು, ಆಫ್‌ರೋಡ್ ಎಲ್ಲಿ ಶುರುವಾಯಿತು ಎಂದು ಹೇಳುವುದು ಇಂಜಿನಿಯರಿಗೂ ಕಷ್ಟ. ಹಿಂದಿನ ಕಾಲದಲ್ಲಿ ಕರಾವಳಿಯ ಉಪ್ಪು ಮೇಲೆ ಬಂದದ್ದು, ನಮ್ಮ ಮೆಣಸು ಕೆಳಗಿಳಿದದ್ದು ಹೇರೆತ್ತುಗಳ ಬೆನ್ನ ಮೇಲೆ. ನಾಲ್ಕು ಕಾಲಿಗೂ ಸಮನಾದ ಶಕ್ತಿ, ಹುಲ್ಲು ಹಾಕಿದರೆ ಸಾಕು, ಸರ್ವಿಸ್ ಸೆಂಟರ್ ಬೇಡ. ಅವುಗಳಿಗೆ ಘಟ್ಟದಲ್ಲಿ ವಾಂತಿಯಾಯಿತೆಂದು ಯಾವ ಶಾಸನದಲ್ಲೂ ನಾನು ಓದಿಲ್ಲ. ಈಗಲೂ ಕೊಡಚಾದ್ರಿಗೆ ಹತ್ತುವ ಜೀಪುಗಳಲ್ಲಿ ಜನ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು, ತಲೆಯನ್ನು ಮೇಲಿನ ಕಂಬಿಗೆ ಬಡಿಸಿಕೊಂಡು, ನಗುತ್ತಲೇ ಹೋಗುತ್ತಾರೆ. ಅದಕ್ಕೆ ಯಾರೂ ಲಕ್ಷುರಿ ಎಂದು ಹೆಸರಿಟ್ಟಿಲ್ಲ.

ಅಂತೂ ಒಂದು ಭಾನುವಾರ ಟೆಸ್ಟ್ ಡ್ರೈವ್ ಗಾಡಿ ನಮ್ಮ ಮನೆಯೆದುರು ಬಂದು ನಿಂತಿತು. ಜೊತೆಗೆ ಟೈ ಕಟ್ಟಿದ ರಂಜಿತ್ ಎಂಬ ಸೇಲ್ಸ್ ಮ್ಯಾನೇಜರ್. ಗಾಡಿ ಎಷ್ಟು ಎತ್ತರವೆಂದರೆ ಹತ್ತಲು ಸೀರೆಯ ನೆರಿಗೆ ಎತ್ತಿ ಹಿಡಿಯಬೇಕಾಯಿತು. ಹಿಂದೆ ಕೆನೆ ಬಣ್ಣದ ಚರ್ಮದ ಎರಡು ಸೀಟು. ಗುಂಡಿ ಒತ್ತಿದರೆ ಅದು ಬೆನ್ನು ತಿಕ್ಕುತ್ತದೆ. "ಮೇಡಂ, ಇದ್ರಲ್ಲಿ ನಿಮ್ಗೆ ಹೋಗಿದ್ದೇ ಗೊತ್ತಾಗಲ್ಲ" ಎಂದರು ರಂಜಿತ್. ನಾನು ನಿಂಬೆಹಣ್ಣನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆ. ಇದರಲ್ಲೂ ಆದರೆ ಕಚ್ಛದ ಆಸೆಯನ್ನೇ ಬಿಟ್ಟುಬಿಡುವುದು ಎಂದು ಮನಸ್ಸಿನಲ್ಲೇ ನಿರ್ಧರಿಸಿದ್ದೆ. ಇಷ್ಟು ದೊಡ್ಡ ಗಾಡಿಯೂ ನನ್ನನ್ನು ಸುಮ್ಮನಿರಿಸಲಾರದೆಂದರೆ ಇನ್ನು ಯಾವುದಿದೆ?

ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಟ್ಟದ ತುದಿಗೆ ಬಂದೆವು. ಅಲ್ಲೊಂದು ಅಮ್ಮನ ಗುಡಿಯಿದೆ, ಗಾಡಿಯವರೆಲ್ಲ ನಿಲ್ಲಿಸಿ ಕೈಮುಗಿದು ಮುಂದೆ ಹೋಗುತ್ತಾರೆ. ನಮ್ಮ ಸಂಸಾರಗಳಲ್ಲಿ ಅಲ್ಲಿ ಇನ್ನೊಂದು ಶಾಸ್ತ್ರವೂ ನಡೆಯುತ್ತದೆ. ಈಗ ನಮ್ಮ ಕಡೆ ಹೆಂಗಸರೆಲ್ಲ ಕಾರು ಓಡಿಸುತ್ತಾರೆ. ನಾನೂ ನಮ್ಮ ಹಳೆಯ ಪುಟ್ಟ ಕಾರಿನಲ್ಲಿ ದಿನಾ ಶಾಲೆಗೆ ಹೋಗುತ್ತೇನೆ. ಆದರೆ ಘಟ್ಟದ ತುದಿ ಬಂತೆಂದರೆ ಗಂಡಸರು "ಘಟ್ಟ ಬಂತು, ಕೊಡಿಲ್ಲಿ" ಎನ್ನುತ್ತಾರೆ. ಹೆಂಡತಿ ಕೆಳಗಿಳಿಯುತ್ತಾಳೆ, ಗಂಡ ಮುಂದಿನಿಂದ ಸುತ್ತಿ ಬರುತ್ತಾನೆ, ಸೀಟು ಬದಲಾಗುತ್ತದೆ. ಯಾರು ಮಾಡಿದ ನಿಯಮವೋ ಗೊತ್ತಿಲ್ಲ. ಹುಲಿಗಳ ಕಾಡಿನಲ್ಲಿ ಒಬ್ಬಳೇ ಕೂತಿರುವ ಆ ಅಮ್ಮ ಇದನ್ನು ನೋಡಿ ಏನಂದುಕೊಳ್ಳುತ್ತಾಳೋ.

ಅವತ್ತು ಮೊದಲಿನಿಂದಲೂ ಅವರೇ ಓಡಿಸುತ್ತಿದ್ದರಿಂದ ಶಾಸ್ತ್ರ ಬೇಕಾಗಲಿಲ್ಲ. ಗಾಡಿ ಘಟ್ಟ ಇಳಿಯತೊಡಗಿತು. ಸೀಟು ಬೆನ್ನು ತಿಕ್ಕುತ್ತಿತ್ತು, ತಣ್ಣನೆಯ ಗಾಳಿ ಬರುತ್ತಿತ್ತು, ಕಿಟಕಿಯಲ್ಲಿ ಮರಗಳು ಎಡಕ್ಕೂ ಬಲಕ್ಕೂ ಓಲಾಡುತ್ತಿದ್ದವು. ರಂಜಿತ್ ಹಿಂದಕ್ಕೆ ತಿರುಗಿ, "ಹೇಗಿದೆ ಮೇಡಂ ಕಂಫರ್ಟು?" ಎಂದು ಕೇಳಿದರು. ಅದಕ್ಕೆ ನಾನು ಕೊಟ್ಟ ಉತ್ತರ ಕೆನೆ ಬಣ್ಣದ ಚರ್ಮದ ಮೇಲೆಲ್ಲ ಹರಡಿಕೊಂಡಿತು.

ಹೊಸಂಗಡಿಯ ಹೋಟೆಲಿನಲ್ಲಿ ಬಕೆಟ್ ಕೇಳಿ ಇಸಿದುಕೊಂಡು ಮೂವರೂ ಸೇರಿ ತೊಳೆದೆವು. "ಪರ್ವಾಗಿಲ್ಲ ಮೇಡಂ" ಎಂದು ರಂಜಿತ್ ಹೇಳುತ್ತಲೇ ಇದ್ದರು, ಮುಖ ಮಾತ್ರ ಬೇರೆಯದನ್ನೇ ಹೇಳುತ್ತಿತ್ತು. ನನಗೆ ಅಳು ಬಂದುಬಿಟ್ಟಿತು. ಚರ್ಮದ ಸೀಟಿಗಾಗಿ ಅಲ್ಲ, ನನ್ನ ಬಿಳಿ ಬಯಲಿಗಾಗಿ. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಇನ್ನು ವಾಪಸು ಘಟ್ಟ ಹತ್ತಬೇಕು. ಹಿಂದೆ ಯಾರು ಕೂರುವುದು?

"ನಾನಲ್ಲಿ ಕೂತ್ರೆ ಇನ್ನೊಂದ್ಸಲ ಗ್ಯಾರಂಟಿ" ಎಂದೆ. ರಂಜಿತ್ ಗಾಬರಿಯಿಂದ, "ಬೇಡ ಮೇಡಂ, ನೀವು ಮುಂದೆ ಬನ್ನಿ" ಎಂದರು. ಆದರೆ ತಾವು ಡ್ರೈವರ್ ಪಕ್ಕದ ಸೀಟು ಬಿಡುವ ಹಾಗಿಲ್ಲ, ಕಂಪನಿ ರೂಲ್ಸ್ ಎಂದೂ ಸೇರಿಸಿದರು. ಮುಂದಿರುವುದು ಎರಡು ಸೀಟು. ಒಂದು ರಂಜಿತ್‌ಗೆ, ಒಂದು ನನಗೆ. ಲೆಕ್ಕ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಆದರೂ ನನ್ನ ಗಂಡನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹಂಗಾದ್ರೆ ಗಾಡಿ ಓಡ್ಸೋದು ಯಾರು?"

"ನಾನು."

"ಎಂತ ತಮಾಷೆ ಮಾಡ್ತಿ? ಇದು ಘಟ್ಟ ಮಾರಾಯ್ತಿ!"

"ಗೊತ್ತುರೀ. ಈ ಘಟ್ಟನ ನಿಮ್ಗಿಂತ ಹತ್ರದಿಂದ ನೋಡಿದೀನಿ ನಾನು, ಕಿಟಕಿಯಿಂದ ತಲೆ ಹೊರಗೆ ಹಾಕ್ಕೊಂಡು."

ಅವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹಿಂದೆ ಹತ್ತಿದರು. ನಾನು ನೆರಿಗೆ ಸಿಕ್ಕಿಸಿಕೊಂಡು ಮುಂದೆ ಕೂತೆ. ರಂಜಿತ್ ಎರಡು ಮಾತಿನಲ್ಲಿ ಹೇಳಿಕೊಟ್ಟರು, ಹೊರಟೆವು. ಮೊದಲ ತಿರುವಿನಲ್ಲಿ ಹಾರ್ನ್ ಬಾರಿಸುತ್ತಾ ಆಮೆಯ ಹಾಗೆ ಹೋದೆ, ಸುಳ್ಳೇಕೆ ಹೇಳಲಿ. ಆಮೇಲೆ ಒಂದೊಂದೇ ತಿರುವು ಗುರುತು ಸಿಗತೊಡಗಿತು. ಇದು ಮಸಾಲೆದೋಸೆಯ ತಿರುವು. ಇದು ತಂಗಿಯ ಮದುವೆಯ ಜಿಲೇಬಿಯದು. ಇಲ್ಲಿ ಬರೀ ಕಾಫಿ, ಖಾಲಿ ಹೊಟ್ಟೆಯಲ್ಲಿ ಹೊರಟಿದ್ದೆ. ಎಲ್ಲಿ ಎಷ್ಟು ತಿರುಗುತ್ತದೆ, ಎಲ್ಲಿ ತಟ್ಟನೆ ಏರುತ್ತದೆ ಎಂದು ನನ್ನ ಹೊಟ್ಟೆಗೆ ಬಾಯಿಪಾಠವಾಗಿತ್ತು. ತಿರುವು ಬರುವ ಮೊದಲೇ ಕೈ ತಿರುಗುತ್ತಿತ್ತು. ಮರಗಳು ಓಲಾಡದೆ ನಿಂತಲ್ಲೇ ನಿಂತಿದ್ದವು. ಗುಡಿ ದಾಟಿ ಮಾಸ್ತಿಕಟ್ಟೆಯ ಹತ್ತಿರ ಬಂದಾಗ ನನಗೆ ಬೇರೆಯೇ ಒಂದು ಅನುಭವವಾಯಿತು. ಹಸಿವು. ಘಟ್ಟ ಮುಗಿದಾಗ ಹಸಿವಾಗುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಖುಷಿಗೆ ಜೋರಾಗಿ ನಕ್ಕುಬಿಟ್ಟೆ.

ಹಿಂದಿನಿಂದ ಸಣ್ಣ ದನಿ ಬಂತು. "ಒಂದ್ನಿಮಿಷ ನಿಲ್ಸೆ. ಆ ನಿಂಬೆಹಣ್ಣು ಎಲ್ಲಿಟ್ಟಿದಿ?"

ಇದರಲ್ಲಿ ಪವಾಡವೇನೂ ಇಲ್ಲ. ಕಿವಿಯೊಳಗಿನ ದ್ರವ ಅಲುಗಾಡಿ ಒಂದು ಸುದ್ದಿ ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ, ಮೆದುಳು ಯಾರನ್ನೂ ನಂಬದೆ ಹೊಟ್ಟೆಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತದೆ. ಸ್ಟೀರಿಂಗ್ ಕೈಯಲ್ಲಿದ್ದವರಿಗೆ ಮುಂದೇನು ಬರುತ್ತದೆಂದು ಮೊದಲೇ ಗೊತ್ತಿರುವುದರಿಂದ ಈ ಜಗಳವಿಲ್ಲ. ಕಿವಿಯ ಚಿತ್ರವನ್ನು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟು ವರ್ಷ ಬರೆದಿದ್ದೇನೋ! ಹಿನ್ನೀರಿನಾಚೆ ಬ್ಯಾಕೋಡಿನಲ್ಲಿರುವ ಚಿಕ್ಕಮ್ಮನ ಮನೆಗೆ, ಸೇತುವೆ ಬರುವ ಮೊದಲು, ಲಾಂಚಿನಲ್ಲಿ ಹೋಗುವಾಗಲೂ ಮುಂದೆ ನಿಂತು ಆಚೆ ದಡ ನೋಡುತ್ತಿದ್ದೆ, ಒಮ್ಮೆಯೂ ಹೊಟ್ಟೆ ತೊಳಸಿರಲಿಲ್ಲ. ಆದರೂ ತಲೆಗೆ ಹೊಳೆಯಲಿಲ್ಲ. ನಾವು ಹುಡುಕಿದ್ದು ಗಾಡಿಯನ್ನು. ಬದಲಾಗಬೇಕಿದ್ದದ್ದು ಸೀಟು.

ಆ ಗಾಡಿಯನ್ನು ನಾವು ಕೊಳ್ಳಲಿಲ್ಲ. "ಹಿಂದಿನ ಸೀಟು ಸರಿಯಿಲ್ಲ" ಎಂದು ನನ್ನ ಗಂಡ ಅಡ್ಡಡ್ಡ ತಲೆಯಾಡಿಸಿಬಿಟ್ಟರು. ಷಡ್ಡಕನಿಗೂ ಅದನ್ನೇ ಗಂಭೀರವಾಗಿ ವಿವರಿಸಿದರು. ಈಗಲೂ ಮೊಬೈಲಿನಲ್ಲಿ ಗಾಡಿಗಳು ದಿಬ್ಬದಿಂದ ಬೀಳುತ್ತಲೇ ಇವೆ, ಆದರೆ ಇತ್ತೀಚೆಗೆ ಅವರು ನೋಡುವುದು ಮುಂದೆ ಎಡಗಡೆಯ ಸೀಟು ಹೇಗಿದೆ ಎಂದು.

ಬೇಸಿಗೆ ರಜೆಗೂ ಮುಂಚೆ, ಚಳಿ ಇರುವಾಗಲೇ ರಜೆ ಹಾಕಿ ನಮ್ಮ ಹಳೆಯ ಪುಟ್ಟ ಕಾರಿನಲ್ಲೇ ಕಚ್ಛಕ್ಕೆ ಹೋಗಿಬಂದೆವು. ಅದಕ್ಕೆ ಶಕ್ತಿ ಇರುವುದು ಎರಡೇ ಚಕ್ರಕ್ಕೆ, ಸಾಕಾಯಿತು. ಬಯಲಿನಲ್ಲಿ ನಿಜವಾಗಿಯೂ ಒಂದೂ ಮರವಿರಲಿಲ್ಲ. ಚಪ್ಪಲಿ ಬಿಟ್ಟು ಉಪ್ಪಿನ ಮೇಲೆ ನಿಂತೆ, ನಾಲಿಗೆಗೆ ಹಚ್ಚಿ ನೋಡಿದೆ, ಸಿಕ್ಕಾಪಟ್ಟೆ ಸಂತೋಷವಾಯಿತು. ಮೂರನೆಯ ದಿನ ಒಂದು ಹಸಿರೆಲೆ ಕಾಣಿಸಿದರೆ ಸಾಕು ಎನಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ಆದರೆ ಆ ಬಿಳುಪಿಗಿಂತ ಹೆಚ್ಚು ನೆನಪಾಗುವುದು ಹೊರಟ ದಿನದ ಬೆಳಿಗ್ಗೆ. ಮಂಜು ಇನ್ನೂ ಕರಗಿರಲಿಲ್ಲ. ಹುಲಿಕಲ್‌ನ ಗುಡಿಯೆದುರು ಕಾರು ನಿಲ್ಲಿಸಿ ಕೂತಲ್ಲೇ ಕೈಮುಗಿದೆ. ಇವರು ಇಳಿದು ಅಮ್ಮನಿಗೆ ನಮಸ್ಕಾರ ಮಾಡಿ, ಹಳೆಯ ಅಭ್ಯಾಸದಂತೆ ಕಾರಿನ ಮುಂದಿನಿಂದ ಸುತ್ತಿ ಬಂದು ನನ್ನ ಬಾಗಿಲ ಹತ್ತಿರ ನಿಂತು ಕೈ ಚಾಚಿದರು. "ಘಟ್ಟ ಬಂತು, ಕೊಡಿಲ್ಲಿ."

ನಾನು ಗಾಜು ಇಳಿಸಿ ಆ ಕೈಯಲ್ಲಿ ನಿಂಬೆಹಣ್ಣು ಇಟ್ಟೆ.