ಎಲೆಬಳ್ಳಿಯ ಡಾಕ್ಟರು ಉಳವಪ್ಪ
ಕೂಸಿನ ಕೆಮ್ಮಿಗೆ ರಸ ಹಿಂಡುವ ವೀಳ್ಯದೆಲೆಗೇ ಕಾಯಿಲೆ ಬಂದರೆ ಸವಣೂರಿನ ತೋಟದವರೆಲ್ಲ ಕರೆಯುವುದು ನಮ್ಮ ಪಕ್ಕದ ತೋಟದ ಉಳವಪ್ಪನನ್ನು. ಬಂದವನಿಗೆ ಚಹಾ ಬೇಡ, ಕುರ್ಚಿ ಬೇಡ, ಮೊದಲು ಬಳ್ಳಿಯ ಬುಡ ತೋರಿಸಬೇಕು. ಯಾರಾದರೂ ಮೊಬೈಲ್ ಮುಂದೆ ಹಿಡಿದರೋ ಮುಗಿಯಿತು. "ಫೋಟೋದಾಗ ನಾತ ಬರ್ತೈತೇನು? ನಿನ್ನ ಲಗ್ನದ ಫೋಟೋದಾಗ ನೀನೂ ಚೆಂದ ಅದೀಯಪಾ!" ಎನ್ನುತ್ತಾನೆ. ಆಮೇಲೆ ಮಣ್ಣು ಕೆದರಿ, ಕಾಂಡವನ್ನು ಉಗುರಿನಿಂದ ಸೀಳಿ, ಮೂಗಿಗೆ ಹಿಡಿದು, ಕಳ್ಳನ ಜುಟ್ಟು ಸಿಕ್ಕಿದ ಪೊಲೀಸನಂತೆ ಕಣ್ಣರಳಿಸುತ್ತಾನೆ. "ಒಳಗ ಕರ್ರಗಾಗೇತಿ, ಮೀನಿನ ನಾತ ಹೊಡ್ಯಾಕತ್ತೈತಿ. ಬುಡಕೊಳಿ ರೋಗ, ಬೂಷ್ಟಿನ ಕೆಲಸ. ಎಲಿ ಬಾಡ್ಯಾವು ಅಂತ ನೀರು ಬಿಟ್ರಿ, ಹೌದಿಲ್ಲೋ? ರೋಗಕ್ಕ ನೀವ ಉಣ್ಣಾಕ ಹಾಕೀರಿ!" ಹೌದು, ಎಲ್ಲರೂ ನೀರನ್ನೇ ಬಿಟ್ಟಿರುತ್ತಾರೆ. ಆತ ಹೇಳಿದ ರೋಗ ಸುಳ್ಳಾದದ್ದನ್ನು ನಾನಂತೂ ಇದುವರೆಗೆ ಕೇಳಿಲ್ಲ. ಊರ ತೋಟಗಳಲ್ಲೆಲ್ಲ ಮಾವನ ಮನೆಯ ಹಾಗೆ ಓಡಾಡುವ ಈ ಮನುಷ್ಯ ತನ್ನ ತೋಟದೊಳಗೆ ಮಾತ್ರ ಕಾಲಿಡುವುದಿಲ್ಲ. ರೋಗದ ಮಣ್ಣು ತುಳಿದ ಕಾಲು, ಎಷ್ಟು ತೊಳೆದರೂ ಆತನಿಗೆ ನಂಬಿಕೆಯಿಲ್ಲ. ಒಂದು ಹಿಡಿ ಕೆಸರು ಒಳಗೆ ಹೋದರೆ ಆತನ ಬಳ್ಳಿಗಳೂ ಉಳಿಯುವುದಿಲ್ಲ. ಸಂಜೆ ಬದುವಿನ ಮೇಲೆಯೇ ನಿಂತು, "ಸರೋಜಾ, ಮೂಲ್ಯಾಗಿನ ಬಳ್ಳಿ ಎಲ್ಲೀತನಕ ಏರೇತಿ?" ಎಂದು ಹೆಂಡತಿಯನ್ನು ಕೂಗುತ್ತಾನೆ. "ನುಗ್ಗಿ ಗಿಡದ ತುದಿ ಮುಟ್ಟೇತ್ರಿ, ನೀವ್ ಅಲ್ಲೇ ನಿಂದರ್ರಿ" ಎನ್ನುತ್ತ ಸರೋಜವ್ವ ಒಂದು ಎಲೆ ತಂದು ಕೈಗಿಡುತ್ತಾಳೆ. ಒಂದು ಚುಕ್ಕೆಯೂ ಇಲ್ಲದ ಆ ಎಲೆಯನ್ನು ಉಳವಪ್ಪ ರೋಗದ ಎಲೆಗಿಂತ ಹೆಚ್ಚು ಹೊತ್ತು ನೋಡುತ್ತಾನೆ.